ಫ್ರೆಂಚ್ ಗೆಳೆಯರನ್ನು ‘ಒಂದು ರೌಂಡ್ ಹೋಗಿ ಬರೋಣ್ವಾ?’ ಅಂತ ಕರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಫ್ರಾನ್ಸಿನ ಲಿಯೋನ್ ನಗರಕ್ಕೆ ಓದಲು ಹೋಗಿದ್ದ ವರ್ಷ, ಏಪ್ರಿಲ್‌ನ ಒಂದು ಮಧ್ಯಾಹ್ನ. ತಿಂಗಳುಗಟ್ಟಲೆ ಚಳಿ, ಮೋಡ ಕಳೆದು ಅವತ್ತು ಬಿಸಿಲು ಬಂದಿತ್ತು. ಕ್ಲಾಸ್ ಮುಗಿಸಿ ಹೊರಗೆ ನಿಂತಿದ್ದ ನಾಲ್ವರು ಸಹಪಾಠಿಗಳ ಹತ್ತಿರ ಹೋದೆ. ಪುಸ್ತಕದಲ್ಲಿ ಕಲಿತಿದ್ದ ವಾಕ್ಯವನ್ನು ಒಂದಕ್ಷರ ತಪ್ಪದೆ ಹೇಳಿದೆ: ‘ವೂದ್ರಿಯೇ ವೂ ಮಾಕೋಂಪಾನ್ಯೇ ಓ ಪಾರ್ಕ್?’ ಕನ್ನಡದಲ್ಲಿ ‘ತಾವು ನನ್ನೊಡನೆ ಉದ್ಯಾನಕ್ಕೆ ದಯಮಾಡಿಸುವಿರಾ?’ ಅಂದ ಹಾಗೆ. ವ್ಯಾಕರಣ ಸರಿಯಾಗಿಯೇ ಇತ್ತು. ಆದರೆ ನಾಲ್ವರೂ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಏನೋ ಗಂಭೀರ ವಿಷಯ ಇರಬೇಕು ಅಂದುಕೊಂಡರು. ಒಬ್ಬಳು ‘ಎಲ್ಲಾ ಸರಿ ಇದೆಯಾ?’ ಅಂತಲೂ ಕೇಳಿದಳು. ಅಷ್ಟರಲ್ಲಿ ಇನ್ನೊಬ್ಬ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ‘ಆಲೇ, ವಿಯ್ಯಾಂ, ಓಂ ವಾ ಫೆರ್ ಆ್ಯಂ ಪ್ತಿ ತೂರ್’ ಅಂದ. ಎಲ್ಲರೂ ಹೊರಟೇಬಿಟ್ಟರು.

ದಾರಿಯಲ್ಲಿ ನಡೆಯುತ್ತಾ ಆ ವಾಕ್ಯವನ್ನು ಬಿಡಿಸಿ ನೋಡಿದೆ. ‘ವಿಯ್ಯಾಂ’ ಅಂದರೆ ಬಾ. ‘ಪ್ತಿ’ ಅಂದರೆ ಪುಟ್ಟ. ‘ತೂರ್’ ಅಂದರೆ ಸುತ್ತು, ರೌಂಡ್. ಒಟ್ಟು ಸೇರಿಸಿದರೆ ‘ಬಾರೋ, ಸುಮ್ನೆ ಒಂದು ರೌಂಡ್ ಹೋಗಿ ಬರೋಣ.’ ಕುಕ್ಕರಹಳ್ಳಿ ಕೆರೆ ಹತ್ತಿರ ಸಂಜೆ ಹೊತ್ತು ನಾವು ದಿನಾ ಆಡುತ್ತಿದ್ದ ಮಾತು! ಅದನ್ನು ಫ್ರೆಂಚ್‌ನಲ್ಲಿ ಹೇಳಲು ನಾನು ಇಂಗ್ಲಿಷಿನ ಮೂಲಕ, ಪುಸ್ತಕದ ಮೂಲಕ ಸುತ್ತಿಕೊಂಡು ಬಂದಿದ್ದೆ. ನೇರವಾಗಿ ಕನ್ನಡದಿಂದಲೇ ಹೋಗಿದ್ದರೆ ಎಷ್ಟೋ ಹತ್ತಿರವಿತ್ತು. ಈ ಮಾರ್ಗದರ್ಶಿ ಬರೆಯುತ್ತಿರುವುದು ಆ ಹತ್ತಿರದ ದಾರಿ ತೋರಿಸಲು. ಫ್ರಾನ್ಸಿಗೆ ಓದಲು, ಕೆಲಸಕ್ಕೆ ಹೋಗುವ ಕನ್ನಡದ ಹುಡುಗ ಹುಡುಗಿಯರು ಭಾಷೆ ಬಂದರೂ ಕರೆಯಲು ಹಿಂಜರಿದು ವಾರಾಂತ್ಯವಿಡೀ ರೂಮಿನಲ್ಲಿ ಕೂರಬಾರದು ಅನ್ನುವುದು ನನ್ನ ಆಸೆ.

ಮೊದಲು ಓದುವ ಬಗೆ

ಇಲ್ಲಿ ಫ್ರೆಂಚ್ ಮಾತುಗಳನ್ನು ಕನ್ನಡ ಅಕ್ಷರದಲ್ಲೇ ಕೊಡುತ್ತೇನೆ. ಅದಕ್ಕೊಂದು ಲಾಭವೂ ಇದೆ. ಫ್ರೆಂಚರ ‘ತ’ ಮತ್ತು ‘ದ’ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ಅಕ್ಷರಗಳು, ನಮ್ಮ ತಾಯಿಯ ‘ತ’, ದಾರಿಯ ‘ದ’ ಇದ್ದ ಹಾಗೆ. ಇಂಗ್ಲಿಷ್ ಕಲಿತ ಅಭ್ಯಾಸದಲ್ಲಿ ನಾವು ‘ಟ’, ‘ಡ’ ಅಂದುಬಿಡುತ್ತೇವೆ. ಬೇಡ. ‘ಪ’, ‘ಕ’ ಕೂಡ ಹಾಗೇ, ಉಸಿರು ಊದದೆ ನಮ್ಮ ಪಪ್ಪಾಯ, ಕಾಗೆ ಅನ್ನುವಂತೆ ಹೇಳಿದರೆ ಸರಿ ಹೋಗುತ್ತದೆ.

ಸೊನ್ನೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಓಂ’ ಅಂತ ಬರೆದಿರುವುದು ಓಂಕಾರದ ಓಂ ಅಲ್ಲ. ತುಟಿ ಮುಚ್ಚಬಾರದು. ‘ಓ’ ಅನ್ನುತ್ತಲೇ ಉಸಿರನ್ನು ಮೂಗಿನಿಂದ ಬಿಡಬೇಕು, ಅಷ್ಟೇ. ‘ಆ್ಯಂ’ ಅನ್ನುವುದು ಬ್ಯಾಂಕ್‌ನ ‘ಬ್ಯಾಂ’ನಲ್ಲಿರುವ ಸ್ವರ, ಅದೂ ಮೂಗಿನಿಂದ. ‘ತ್ಯು’ ಅನ್ನುವಾಗ ತುಟಿಯನ್ನು ‘ಉ’ ಆಕಾರಕ್ಕೆ ತಂದು, ಒಳಗೆ ‘ಇ’ ಅನ್ನಿ. ‘ಝ’ ಅಂದರೆ ಟೆಲಿವಿಷನ್ ಪದದ ಮಧ್ಯೆ ಕೇಳುವ ಮೆತ್ತನೆಯ ಸದ್ದು. ‘ರ’ ಗಂಟಲಿನಿಂದ ಬರುತ್ತದೆ. ಅದು ಬರದಿದ್ದರೆ ಚಿಂತೆ ಬೇಡ, ನಮ್ಮ ‘ರ’ ಹೇಳಿದರೂ ಎಲ್ಲರಿಗೂ ಅರ್ಥವಾಗುತ್ತದೆ.

ಹಂತ 1: ನೀನು ಅನ್ನಬೇಕಾ, ನೀವು ಅನ್ನಬೇಕಾ?

‘ತ್ಯು’ ಅಂದರೆ ನೀನು, ‘ವೂ’ ಅಂದರೆ ನೀವು. ಈ ಭೇದ ನಮಗೆ ಹೊಸದಲ್ಲ. ಒಬ್ಬ ಗೆಳೆಯನಿಗೆ ‘ತ್ಯು’, ನಾಲ್ವರು ಗೆಳೆಯರಿಗೆ ಒಟ್ಟಿಗೆ ಹೇಳುವಾಗ ‘ವೂ’. ಅಲ್ಲಿ ‘ವೂ’ ಬರುವುದು ಮರ್ಯಾದೆಗಲ್ಲ, ಲೆಕ್ಕಕ್ಕೆ.

ವ್ಯತ್ಯಾಸ ಇರುವುದು ವಯಸ್ಸಿನಲ್ಲಿ. ನಮ್ಮಲ್ಲಿ ಹತ್ತು ವರ್ಷ ದೊಡ್ಡವರಾದರೆ ನೀವು ಅನ್ನುತ್ತೇವೆ, ಜೊತೆಗೆ ಒಂದು ಅಣ್ಣನೋ ಅಕ್ಕನೋ ಸೇರಿಸುತ್ತೇವೆ. ಅಲ್ಲಿ ನಡಿಗೆಯ ಗುಂಪಿನಲ್ಲಿ ಸಿಕ್ಕ ಐವತ್ತು ವರ್ಷದವರೂ ಸಾಮಾನ್ಯವಾಗಿ ‘ತ್ಯು’ ಅನ್ನಿಸಿಕೊಳ್ಳಲು ಇಷ್ಟಪಡುತ್ತಾರೆ. ಹೆಸರು ಹಿಡಿದೇ ಕರೆಯಬೇಕು. ನನಗೆ ಇದು ಬಾಯಿಗೆ ಬರಲು ತಿಂಗಳುಗಳೇ ಬೇಕಾದವು. ಅನುಮಾನವಿದ್ದರೆ ಕೇಳಿಬಿಡಿ: ‘ಓಂ ಪೊ ಸ ತ್ಯುತ್ವಾಯೇ?’ ಅಂದರೆ ‘ನೀನು ಅಂತ ಮಾತಾಡೋಣ್ವಾ?’ ಒಮ್ಮೆ ಒಪ್ಪಿದ ಮೇಲೆ ಮತ್ತೆ ‘ವೂ’ಗೆ ಮರಳಬೇಡಿ. ದೂರ ಸರಿದ ಹಾಗೆ ಕೇಳಿಸುತ್ತದೆ.

ಹಂತ 2: ಬಿಡುವಿದೆಯಾ ಅಂತ ತಿಳಿದುಕೊಳ್ಳಿ

ಹೊರಗೆ ಕರೆಯುವ ಮಾತು ಹೆಚ್ಚಾಗಿ ಒಂದು ಸಣ್ಣ ಪ್ರಶ್ನೆಯಿಂದ ಶುರುವಾಗುತ್ತದೆ.

‘ತ್ಯು ಫೆ ಕ್ವಾ ಸಾಮ್ದಿ?’ ಶನಿವಾರ ಏನ್ ಮಾಡ್ತಿದೀಯಾ?
‘ತೇ ದಿಸ್ಪೋ ದಿಮಾಂಶ್?’ ಭಾನುವಾರ ಫ್ರೀನಾ?
‘ತಾ ಆ್ಯಂ ತ್ರ್ಯುಕ್ ದ ಪ್ರೇವ್ಯು ಸ ವಿಕೆಂಡ್?’ ಈ ವಾರಾಂತ್ಯ ಏನಾದ್ರೂ ಪ್ಲಾನ್ ಇದೆಯಾ?

ಮೂರನೆಯದರಲ್ಲಿರುವ ‘ತ್ರ್ಯುಕ್’ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಮ್ಮ ‘ಅದು ಇದು’, ‘ಏನೋ ಒಂದು’ ಇದ್ದ ಹಾಗೆ. ಹೆಸರು ಗೊತ್ತಿಲ್ಲದ ವಸ್ತು, ಹೇಳಲು ಇಷ್ಟವಿಲ್ಲದ ಕೆಲಸ, ಇನ್ನೂ ತೀರ್ಮಾನವಾಗದ ಪ್ಲಾನ್, ಎಲ್ಲದಕ್ಕೂ ‘ತ್ರ್ಯುಕ್’ ನಡೆಯುತ್ತದೆ.

ಇನ್ನೊಂದು ಬಾಗಿಲು ಹವೆ. ನಮ್ಮೂರಲ್ಲಿ ಬಿಸಿಲು ಹೊರಗೆ ಹೋಗಲು ಕಾರಣವಲ್ಲ. ‘ಸ್ವಲ್ಪ ಬಿಸಿಲು ಇಳೀಲಿ, ಆಮೇಲೆ ಹೋಗೋಣ’ ಅನ್ನುವವರು ನಾವು. ಅಲ್ಲಿ ಬಿಸಿಲೇ ಕಾರಣ. ‘ಇಲ್ ಫೆ ತ್ರೋ ಬೋ, ಫೋತಾಂ ಪ್ರೋಫಿತೇ!’ ಹವೆ ಎಷ್ಟು ಚೆನ್ನಾಗಿದೆ, ಇದನ್ನ ಬಿಡಬಾರದು! ಮಾರ್ಚ್ ಕೊನೆಯಿಂದ ಈ ಮಾತು ಆಫೀಸಿನಲ್ಲಿ, ಟ್ರಾಮ್‌ನಲ್ಲಿ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಕೇಳಿಸುತ್ತದೆ. ಇದನ್ನು ಹೇಳಿ ಒಂದು ಕ್ಷಣ ಸುಮ್ಮನಿದ್ದರೆ ಸಾಕು, ಎದುರಿನವರೇ ಎಲ್ಲಿಗೆ ಹೋಗೋಣ ಅಂತ ಶುರು ಮಾಡುತ್ತಾರೆ. ಜೂನ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 10 ಗಂಟೆಯ ಹತ್ತಿರಕ್ಕೆ. ಹಾಗಾಗಿ ರಾತ್ರಿ ಎಂಟಕ್ಕೆ ಪಿಕ್‌ನಿಕ್ ಅಂದರೆ ಆಶ್ಚರ್ಯಪಡಬೇಡಿ, ಹಗಲು ಇನ್ನೂ ಬೇಕಾದಷ್ಟಿರುತ್ತದೆ.

‘ಏನ್ ಮಾಡ್ತಿದೀಯಾ’ ಅಂತ ಕೇಳಿದ ಮೇಲೆ ಜಾಸ್ತಿ ಹೊತ್ತು ಕಾಯಿಸಬೇಡಿ. ಎದುರಿನವರು ‘ಏನಿಲ್ಲ, ಯಾಕೆ?’ ಅಂದ ಕೂಡಲೇ ವಿಷಯಕ್ಕೆ ಬನ್ನಿ.

ಹಂತ 3: ಕರೆಯುವ ಮಾತು

ಇಡೀ ಮಾರ್ಗದರ್ಶಿಯ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಮೊದಲನೆಯದು ‘ಓಂ’ ಬಳಸುವ ರೀತಿ. ‘ಓಂ ವಾ ಓ ಪಾರ್ಕ್?’ ಪಾರ್ಕಿಗೆ ಹೋಗೋಣ್ವಾ? ಪುಸ್ತಕದಲ್ಲಿ ನಾವು ‘ನಾವು’ ಅನ್ನಲು ‘ನೂ’ ಅಂತ ಕಲಿತಿರುತ್ತೇವೆ, ‘ಹೋಗೋಣ’ ಅನ್ನಲು ‘ಆಲೋಂ’ ಅಂತ ಕಲಿತಿರುತ್ತೇವೆ. ಗೆಳೆಯರ ನಡುವೆ ‘ಆಲೋಂ ಓ ಪಾರ್ಕ್’ ಅಂದರೆ ‘ಉದ್ಯಾನಕ್ಕೆ ತೆರಳೋಣ’ ಅಂದ ಹಾಗೆ ಕೇಳುತ್ತದೆ. ಮಾತಿನಲ್ಲಿ ‘ನೂ’ ಜಾಗಕ್ಕೆ ಹೆಚ್ಚಾಗಿ ‘ಓಂ’ ಬರುತ್ತದೆ. ಕ್ರಿಯಾಪದವೂ ಸುಲಭ, ‘ಅವನು ಹೋಗುತ್ತಾನೆ’ ಅನ್ನುವಾಗಿನ ‘ವಾ’ ರೂಪವೇ ಇಲ್ಲೂ ಬರುತ್ತದೆ. ಕೊನೆಯಲ್ಲಿ ದನಿ ಸ್ವಲ್ಪ ಮೇಲೇರಿಸಿದರೆ ಪ್ರಶ್ನೆ, ಇಳಿಸಿದರೆ ತೀರ್ಮಾನ. ನಮ್ಮ ‘ಹೋಗೋಣ್ವಾ?’ ಮತ್ತು ‘ಹೋಗೋಣ’ ಇದ್ದ ಹಾಗೆ. ಎಲ್ಲರೂ ಸಿದ್ಧರಾದ ಮೇಲೆ ಹೇಳುವುದು ‘ಓನಿ ವಾ?’ ಹೊರಡೋಣ್ವಾ?

ಎರಡನೆಯದು ‘ಸಾ ತ ದಿ?’ ಅಕ್ಷರಶಃ ‘ಅದು ನಿನಗೆ ಏನಾದರೂ ಹೇಳುತ್ತದೆಯಾ?’ ಅರ್ಥ ಮಾತ್ರ ‘ನಿನಗೆ ಮನಸ್ಸಿದೆಯಾ?’ ಇದರ ಮುಂದೆ ಹೆಸರನ್ನು ನೇರವಾಗಿ ಇಡಬಹುದು: ‘ಸಾ ತ ದಿ ಯೂನ್ ಬಾಲಾದ್?’ ಸ್ವಲ್ಪ ಅಡ್ಡಾಡೋಣ್ವಾ? ಕ್ರಿಯಾಪದ ಬೇಕಾದರೆ ನಡುವೆ ‘ದ’ ಸೇರಿಸಬೇಕು: ‘ಸಾ ತ ದಿ ದಾಲೇ ಆ ಲಾ ಪ್ಲಾಝ್?’ ಬೀಚಿಗೆ ಹೋಗುವ ಮನಸ್ಸಿದೆಯಾ? ಗುಂಪಿಗೆ ಕೇಳುವಾಗ ‘ಸಾ ವೂ ದಿ?’ ಇನ್ನೂ ಮೆತ್ತಗೆ ಬೇಕಾದರೆ ‘ಸಾ ತ ದಿರೆ?’ ಇದೇ ಅಚ್ಚಿನಲ್ಲಿ ‘ಸಾ ತ ತಾಂತ್?’ ಕೂಡ ಇದೆ, ‘ಆಸೆ ಆಗ್ತಿದೆಯಾ?’ ಅಂತ. ಒಂದೇ ಒಂದು ರೀತಿ ಕಲಿಯುವುದಿದ್ದರೆ ಇದನ್ನೇ ಕಲಿಯಿರಿ. ಇದರಲ್ಲಿ ಒತ್ತಾಯವಿಲ್ಲ. ಬೇಡ ಅನ್ನುವವರಿಗೆ ದಾರಿ ಮೊದಲೇ ತೆರೆದಿರುತ್ತದೆ.

ಮೂರನೆಯದು ‘ಎ ಸಿ ಓನಾಲೇ ಓ ಲಾಕ್?’ ಕೆರೆ ಕಡೆ ಹೋದ್ರೆ ಹೇಗೆ? ಇಲ್ಲಿ ‘ಆಲೇ’ ಅನ್ನುವುದು ಭೂತಕಾಲದ ರೂಪ. ಮುಂದೆ ಮಾಡುವ ಕೆಲಸಕ್ಕೆ ಭೂತಕಾಲ ಯಾಕೆ ಅಂತ ಕ್ಲಾಸಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಕನ್ನಡದವರಿಗೆ ಆ ಕಷ್ಟ ಇರಬಾರದು. ‘ಹೋದರೆ’ ಅನ್ನುವ ನಮ್ಮ ಪದವನ್ನೇ ನೋಡಿ. ಹೋದ, ಅದಕ್ಕೆ ‘ರೆ’. ‘ನಾಳೆ ಹೋದರೆ’ ಅನ್ನುವಾಗ ನಾವೂ ಹೋದ ಅನ್ನುವ ಭೂತಕಾಲದ ರೂಪದ ಮೇಲೆಯೇ ನಾಳೆಯನ್ನು ಕಟ್ಟುತ್ತೇವೆ. ಫ್ರೆಂಚರೂ ಹಾಗೆಯೇ ಮಾಡುತ್ತಾರೆ. ‘ಮಾಡಿದ್ರೆ ಹೇಗೆ’ ಅನ್ನಲು ‘ಎ ಸಿ ಓಂ ಫಜ಼ೇ’: ‘ಎ ಸಿ ಓಂ ಫಜ಼ೇ ಆ್ಯಂ ಪಿಕ್‌ನಿಕ್?’

ನಾಲ್ಕನೆಯದು ನನ್ನ ಸಹಪಾಠಿ ಹೇಳಿದ ‘ವಿಯ್ಯಾಂ, ಓಂ ವಾ...’. ಬಾ, ಹೋಗೋಣ. ಇದು ತುಂಬಾ ಆಪ್ತರ ಮಾತು. ಹೊಸದಾಗಿ ಪರಿಚಯವಾದವರಿಗೆ ಬೇಡ. ಎರಡು ಮೂರು ಸಲ ಜೊತೆಗೆ ಸುತ್ತಾಡಿದ ಮೇಲೆ ತಾನಾಗಿ ಬಾಯಿಗೆ ಬರುತ್ತದೆ.

ಇನ್ನು ‘ಸುಮ್ನೆ’. ನಾವು ಯಾವ ಪ್ಲಾನನ್ನೂ ‘ಸುಮ್ನೆ’ ಅಂತ ಹಗುರ ಮಾಡುತ್ತೇವೆ, ಅಲ್ವಾ? ಸುಮ್ನೆ ಹೋಗಿ ಬರೋಣ, ಸುಮ್ನೆ ಕೂತು ಮಾತಾಡೋಣ. ಫ್ರೆಂಚ್‌ನಲ್ಲಿ ಆ ಕೆಲಸವನ್ನು ಪುಟ್ಟ ಪದಗಳು ಮಾಡುತ್ತವೆ. ‘ಪ್ತಿ’ ಅವುಗಳಲ್ಲಿ ಮುಖ್ಯ. ‘ಆ್ಯಂ ಪ್ತಿ ತೂರ್’ ಎರಡು ಗಂಟೆಯ ನಡಿಗೆ ಆಗಿರಬಹುದು, ‘ಆ್ಯಂ ಪ್ತಿ ಪಿಕ್‌ನಿಕ್’ಗೆ ಹನ್ನೆರಡು ಜನ ಬಂದಿರಬಹುದು. ಅಳತೆ ಅಲ್ಲ ಅದು, ಹಗುರಾದ ಮನಸ್ಸು. ‘ವಿತ್ ಫೆ’ ಅಂದರೆ ಬೇಗ ಮುಗಿಸಿಬಿಡೋಣ. ‘ತ್ರಾಂಕಿಲ್’ ಅಂದರೆ ಆರಾಮಾಗಿ. ಮತ್ತೆ ‘ಸ ಪೋಜ಼ೇ’ ಅನ್ನುವ ಚೆಂದದ ಕ್ರಿಯಾಪದವಿದೆ. ಎಲ್ಲೋ ಹೋಗಿ, ಕೂತು, ಏನೂ ಮಾಡದೆ ಇರುವುದು. ‘ಓಂ ಸ ಪೋಜ಼್ ತ್ರಾಂಕಿಲ್ ಓ ಬೋರ್ ದ ಲೋ?’ ನೀರಿನ ದಡದಲ್ಲಿ ಆರಾಮಾಗಿ ಕೂರೋಣ್ವಾ? ಈ ಒಂದು ವಾಕ್ಯಕ್ಕೆ ಲಿಯೋನ್‌ನ ಬೇಸಿಗೆಯ ಅರ್ಧ ಸಂಜೆಗಳು ಸಿಗುತ್ತವೆ. ರೋನ್ ನದಿಯ ದಡವನ್ನು 2007ರಲ್ಲಿ ಕಾರು ನಿಲ್ಲಿಸುವ ಜಾಗದಿಂದ ನಡೆಯುವ, ಕೂರುವ ಜಾಗವಾಗಿ ಬದಲಿಸಿದರು. ಸುಮಾರು 5 ಕಿಲೋಮೀಟರ್ ಉದ್ದಕ್ಕೂ ಮೆಟ್ಟಿಲು, ಹುಲ್ಲು, ಸೈಕಲ್ ದಾರಿ ಇದೆ.

ಹಂತ 4: ‘ಶೋ’ ಪದವನ್ನು ಅರ್ಥ ಮಾಡಿಕೊಳ್ಳಿ

‘ಶೋ’ ಅಂದರೆ ಬಿಸಿ. ಪದ ಒಂದೇ, ಸಂದರ್ಭ ನಾಲ್ಕು. ತಪ್ಪಿದರೆ ಒಪ್ಪಿದವರನ್ನು ಒಪ್ಪಲಿಲ್ಲ ಅಂದುಕೊಳ್ಳುತ್ತೀರಿ.

‘ಇಲ್ ಫೆ ಶೋ’ ಅಂದರೆ ಸೆಕೆ ಇದೆ. ‘ಝೇ ಶೋ’ ಅಂದರೆ ನನಗೆ ಸೆಕೆ ಆಗ್ತಿದೆ. ‘ಶ್ವಿ ಶೋ’ ಅಂದರೆ ನಾನು ರೆಡಿ, ಬರ್ತೀನಿ! ‘ಸೇ ಶೋ’ ಅಂದರೆ ಕಷ್ಟ ಇದೆ, ಆಗಲಿಕ್ಕಿಲ್ಲ. ಕೊನೆಯ ಎರಡನ್ನು ಕಿವಿಗೊಟ್ಟು ಕೇಳಬೇಕು. ಒಂದು ಹೂಂ, ಒಂದು ಊಹೂಂ.

ಕರೆಯುವಾಗ: ‘ತೇ ಶೋ ಪೂರ್ ಯೂನ್ ರಾಂದೋ ದಿಮಾಂಶ್?’ ಭಾನುವಾರ ಟ್ರೆಕ್ಕಿಂಗ್‌ಗೆ ರೆಡಿನಾ? ‘ರಾಂದೋ’ ಅಂದರೆ ಬೆಟ್ಟ ಕಾಡುಗಳ ಉದ್ದದ ನಡಿಗೆ. ಗುಂಪಿನ ಮೆಸೇಜಿನಲ್ಲಿ ‘ಕಿ ಎ ಶೋ?’ ಅಂತ ಹಾಕಿದರೆ ‘ಯಾರ್ಯಾರು ಬರ್ತೀರಾ?’ ಅಂತ. ಹುಡುಗಿಯರಿಗೆ ‘ಶೋದ್’ ಆಗುತ್ತದೆ. ಆದರೆ ‘ಶ್ವಿ ಶೋದ್’ ಅಂತ ಬರೀ ಅಷ್ಟೇ ಹೇಳಿದರೆ ಲೈಂಗಿಕ ಅರ್ಥ ಬರಬಹುದು. ಅದಕ್ಕೆ ‘ಶ್ವಿ ಪಾರ್ತಾಂತ್’ ಅನ್ನಿ, ‘ನಾನು ಹೊರಡಲು ಸಿದ್ಧ’ ಅಂತ. ಹುಡುಗರಿಗೆ ‘ಪಾರ್ತಾಂ’. ಇದರಲ್ಲಿ ಯಾವ ಅಪಾಯವೂ ಇಲ್ಲ.

‘ಶ್ವಿ’ ಅನ್ನುವುದೂ ಗಮನಿಸಿ. ಪುಸ್ತಕದಲ್ಲಿ ಅದು ‘ಝ ಸ್ವಿ’. ಮಾತಿನಲ್ಲಿ ಒತ್ತಿಕೊಂಡು ‘ಶ್ವಿ’ ಆಗುತ್ತದೆ. ‘ಗೊತ್ತಿಲ್ಲ’ ಅನ್ನಲು ಪುಸ್ತಕ ‘ಝ ನ ಸೇ ಪಾ’ ಅನ್ನುತ್ತದೆ, ಬಾಯಲ್ಲಿ ಬರುವುದು ‘ಶೇ ಪಾ’. ಹೋಗುತ್ತೇನೆ ಅನ್ನುವುದು ನಮ್ಮಲ್ಲಿ ಹೋಗ್ತೀನಿ ಆದ ಹಾಗೆ. ನೀವು ಹಾಗೇ ಹೇಳಲೇಬೇಕು ಅಂತಿಲ್ಲ, ಆದರೆ ಕೇಳಿದಾಗ ಗುರುತು ಸಿಗಬೇಕು.

ಹಂತ 5: ಹೇಳಬಾರದ ಮೂರು

‘ಝ ತ್ಯಾಂವಿತ್’ ಅಂದರೆ ‘ನಿನ್ನನ್ನು ಕರೀತಿದೀನಿ’ ಅಂತ ಪುಸ್ತಕ ಹೇಳುತ್ತದೆ. ಕೆಫೆಯಲ್ಲಿ ಅದರ ಅರ್ಥ ‘ಬಿಲ್ಲು ನನ್ನದು’. ನಾನು ಮೊದಲ ವರ್ಷ ಮೂವರಿಗೆ ಸಂಭ್ರಮದಿಂದ ಹೀಗೆ ಹೇಳಿ ಕೆಫೆಯ ಹೊರಗಿನ ಮೇಜಿಗೆ ಕರೆದುಕೊಂಡು ಹೋದೆ. ಅವರು ಮತ್ತೆ ಮತ್ತೆ ಧನ್ಯವಾದ ಹೇಳುವುದು ಯಾಕೆ ಅಂತ ಹೊಳೆಯಲಿಲ್ಲ. ಬಿಲ್ಲು ಬಂದಾಗ ಯಾರೂ ಪರ್ಸಿಗೆ ಕೈ ಹಾಕಲಿಲ್ಲ. ವಾರದ ತರಕಾರಿ ದುಡ್ಡು ಅವತ್ತೇ ಖಾಲಿಯಾಯಿತು. ಅವರದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನೇ ಅವರು ನಂಬಿದ್ದು. ಸುಮ್ನೆ ಹೋಗೋಣ ಅನ್ನಲು ‘ಓಂ ವಾ ಬ್ವಾರ್ ಆ್ಯಂ ವೆರ್ ಆಂ ತೆರಾಸ್?’ ಅನ್ನಿ. ಏನಾದ್ರೂ ಕುಡಿಯೋಕೆ ಹೋಗೋಣ್ವಾ ಅಂತ. ಕಾಫಿ, ಜ್ಯೂಸ್ ಕುಡಿಯುವವರಿಗೂ ಅದೇ ಮಾತು.

‘ಸೋರ್ತಿರ್ ಆವೆಕ್’ ಇನ್ನೂ ದೊಡ್ಡ ಗುಂಡಿ. ‘ನನ್ನ ಜೊತೆ ಹೊರಗೆ ಬರ್ತೀಯಾ?’ ಅಂತ ಪದಕ್ಕೆ ಪದ ಇಟ್ಟು ‘ತ್ಯು ವೊ ಸೋರ್ತಿರ್ ಆವೆಕ್ ಮ್ವಾ?’ ಅಂದರೆ ‘ನನ್ನನ್ನು ಪ್ರೀತಿಸ್ತೀಯಾ, ನಾವಿಬ್ಬರೂ ಜೋಡಿಯಾಗೋಣ್ವಾ?’ ಅಂತ ಆಗುತ್ತದೆ. ಅದೇ ನಿಮ್ಮ ಮನಸ್ಸಿನಲ್ಲಿದ್ದರೆ ಸರಿ. ಇಲ್ಲದಿದ್ದರೆ ‘ಓಂ’ ಬಳಸಿ, ‘ಜೊತೆ’ ಅನ್ನುವ ಪದವನ್ನೇ ಬಿಡಿ.

ಇಂಗ್ಲಿಷಿನ ‘ಎಕ್ಸೈಟೆಡ್’ ಪದವನ್ನು ಫ್ರೆಂಚಿಗೆ ಎಳೆದು ತರಬೇಡಿ, ಅಲ್ಲಿ ಅದಕ್ಕೂ ಲೈಂಗಿಕ ಅರ್ಥ ಅಂಟಿಕೊಳ್ಳುತ್ತದೆ. ‘ಯಾವಾಗ ಹೋಗ್ತೀವೋ ಅಂತ ಕಾಯ್ತಿದೀನಿ’ ಅನ್ನಲು ‘ಝೇ ಆತ್!’ ಅನ್ನಿ.

ಹಂತ 6: ಉತ್ತರವನ್ನು ಓದಿಕೊಳ್ಳಿ

ಒಪ್ಪಿಗೆ ಗುರುತಿಸುವುದು ಸುಲಭ. ‘ಕಾರೇಮಾಂ!’ ‘ಗ್ರಾವ್!’ ‘ಸಾ ಮಾರ್ಶ್’, ‘ನಿಕೆಲ್’, ‘ವೇ, ತ್ರೋ ಬಿಯ್ಯಾಂ’. ಎಲ್ಲವೂ ಹೂಂ.

‘ಪೂರ್‌ಕ್ವಾ ಪಾ’ ಅಂದರೆ ‘ಯಾಕಾಗಬಾರದು’. ಮುಖ ಅರಳಿ ಹೇಳಿದರೆ ಹೂಂ, ಎಳೆದು ಹೇಳಿದರೆ ಅರ್ಧ ಮನಸ್ಸು. ‘ಝ ತ ರದಿ’ ಅಂದರೆ ಆಮೇಲೆ ಹೇಳ್ತೀನಿ. ನಮ್ಮ ‘ನೋಡೋಣ’ ಇದ್ದ ಹಾಗೆ, ಹೇಳಿದರೂ ಹೇಳಬಹುದು. ‘ಬೋಫ್’ ಅಂದರೆ ಅಷ್ಟಕ್ಕಷ್ಟೇ. ‘ಝೇ ಲಾ ಫ್ಲೆಮ್’ ಅಂದರೆ ಏಳೋಕೇ ಮನಸ್ಸಿಲ್ಲ, ಸೋಮಾರಿತನ. ಇದನ್ನು ಅವರು ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ. ನಿಮ್ಮ ಮೇಲೆ ಬೇಸರ ಅಂತ ತಿಳಿಯಬೇಡಿ. ‘ಶ್ಪೊ ಪಾ, ಝೇ ದೇಝಾ ಆ್ಯಂ ತ್ರ್ಯುಕ್’ ಅಂದರೆ ಆಗಲ್ಲ, ಬೇರೆ ಏನೋ ಇದೆ. ಏನು ಅಂತ ಕೇಳಬೇಡಿ. ಅಲ್ಲಿ ಅದು ಪೂರ್ತಿ ಉತ್ತರ.

ನಮ್ಮ ಅಭ್ಯಾಸ ಅಡ್ಡ ಬರುವುದು ಇಲ್ಲೇ. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಮೂರು ಸಲ ಕರೆಯುವುದು ಪ್ರೀತಿ. ‘ಬನ್ನಿ ಬನ್ನಿ, ಅದೆಲ್ಲ ಆಗಲ್ಲ, ಬರಲೇಬೇಕು’ ಅಂತ ಕೈ ಹಿಡಿದು ಎಳೆಯುತ್ತೇವೆ. ಅಲ್ಲಿ ನಗುತ್ತಾ ಒಂದು ಸಲ ‘ಆಲೇ...’, ಅಂದರೆ ‘ಬಾ ಬಾ’, ಅನ್ನಬಹುದು. ಎರಡನೇ ಸಲಕ್ಕೆ ಕಿರಿಕಿರಿ ಶುರು. ಬದಲಿಗೆ ‘ಪಾ ದ ಸೂಸಿ, ಯೂನ್ ಪ್ರೋಶೆನ್ ಫ್ವಾ!’ ಅನ್ನಿ. ಪರವಾಗಿಲ್ಲ, ಇನ್ನೊಂದ್ಸಲ! ಹೀಗೆ ಸಲೀಸಾಗಿ ಬಿಟ್ಟುಕೊಟ್ಟವರನ್ನು ಮುಂದಿನ ಸಲ ಅವರೇ ಕರೆಯುತ್ತಾರೆ. ನನ್ನನ್ನು ಕರೆದಿದ್ದಾರೆ.

ಹಂತ 7: ಜಾಗ, ಹೊತ್ತು, ತಿಂಡಿ

ಒಪ್ಪಿದ ಮೇಲೆ ತೇಲಿಸಬೇಡಿ. ‘ಓಂ ಸ ರತ್ರೂವ್ ಊ?’ ಎಲ್ಲಿ ಸಿಗೋಣ? ‘ವೆರ್ ಕೆಲರ್?’ ಎಷ್ಟೊತ್ತಿಗೆ? ಗಂಟೆಯನ್ನು 24ರ ಲೆಕ್ಕದಲ್ಲಿ ಹೇಳುವುದು ಹೆಚ್ಚು, ಮಧ್ಯಾಹ್ನ ಮೂರು ಅಂದರೆ 15. ‘ವೆರ್ ಕ್ಯಾಂಜ಼ರ್’ ಅಂದರೆ ಮೂರರ ಸುಮಾರಿಗೆ. ‘ವೆರ್’ ಸೇರಿಸಿದರೆ ಹತ್ತು ನಿಮಿಷ ಆಚೀಚೆ ಆಗಬಹುದು ಅಂತ ಇಬ್ಬರಿಗೂ ತಿಳಿಯುತ್ತದೆ. ತಡವಾದರೆ ‘ಶ್ವಿ ಆ ಲಾ ಬೂರ್!’ ಅಂತ ಒಂದು ಮೆಸೇಜ್ ಸಾಕು.

ಜಾಗ ಹೇಳುವಾಗ ಗುರುತು ಖಚಿತವಾಗಿರಲಿ. ಲಿಯೋನ್‌ನ ತೆತ್ ದೋರ್ ಪಾರ್ಕ್ 1857ರದು, ಸುಮಾರು 117 ಹೆಕ್ಟೇರ್ ಇದೆ. ಒಳಗೆ ಕೆರೆ, ಗುಲಾಬಿ ತೋಟ, ಉಚಿತ ಮೃಗಾಲಯ ಎಲ್ಲಾ ಇವೆ. ‘ಪಾರ್ಕಿನಲ್ಲಿ ಸಿಗೋಣ’ ಅಂದರೆ ಅರ್ಧ ಗಂಟೆ ಹುಡುಕಾಟವೇ. ‘ದವಾಂ ಲಾ ಗ್ರಾಂದ್ ಪೋರ್ತ್’ ಅನ್ನಿ, ದೊಡ್ಡ ಗೇಟಿನ ಮುಂದೆ ಅಂತ. ಪ್ಯಾರಿಸ್‌ನಲ್ಲಿ ಹಳೆಯ ಕಲ್ಲುಗಣಿಯನ್ನೇ ಪಾರ್ಕ್ ಮಾಡಿ 1867ರಲ್ಲಿ ತೆರೆದ ಬ್ಯುತ್ ಶೋಮೋಂ ಕೂಡ ಹಾಗೇ, ಏರುತಗ್ಗು ಜಾಸ್ತಿ. ಅಲ್ಲಿ ಮೆಟ್ರೋ ಸ್ಟೇಷನ್ನಿನ ಬಾಗಿಲೇ ಒಳ್ಳೆಯ ಗುರುತು.

ಕೆಲವು ಜಾಗಗಳಿಗೆ ಕರೆಯುವ ಮೊದಲು ನೀವೇ ವಿಚಾರಿಸಿಕೊಳ್ಳಿ. ಮಾರ್ಸೇಯ್ ನಗರದ ಪಕ್ಕದ ಕಾಲಾಂಕ್ ಬಂಡೆಗಳ ಪ್ರದೇಶ 2012ರಿಂದ ರಾಷ್ಟ್ರೀಯ ಉದ್ಯಾನ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಅಪಾಯ ನೋಡಿಕೊಂಡು ದಿನದಿನಕ್ಕೆ ಪ್ರವೇಶ ಕೊಡುತ್ತಾರೆ. ಅಲ್ಲಿನ ಸ್ಯುಜಿತೋಂ ಅನ್ನುವ ಜಾಗಕ್ಕೆ 2022ರಿಂದ ಬೇಸಿಗೆಯಲ್ಲಿ ಮೊದಲೇ ಉಚಿತವಾಗಿ ಕಾಯ್ದಿರಿಸಬೇಕು. ಸೀನ್ ನದಿಯಲ್ಲಿ ಈಜುವುದಕ್ಕೆ 1923ರಿಂದ ನಿಷೇಧವಿತ್ತು. 2025ರ ಜುಲೈನಲ್ಲಿ ಪ್ಯಾರಿಸ್‌ನ ಮೂರು ಕಡೆ ಜನರಿಗೆ ಬಿಟ್ಟರು. ನೀರಿಗೆ ಕರೆಯುವ ಮಾತು ಸೊಗಸಾಗಿದೆ: ‘ಓಂ ವಾ ಪಿಕೇ ಯೂನ್ ತೆತ್?’ ಒಂದು ಮುಳುಗು ಹಾಕಿ ಬರೋಣ್ವಾ?

ತಿಂಡಿಗೆ ‘ತ್ಯು ರಾಮೆನ್ ಕ್ವಾ?’ ಏನ್ ತರ್ತೀಯಾ? ಪಿಕ್‌ನಿಕ್ ಅಂದರೆ ಪ್ರತಿಯೊಬ್ಬರೂ ಏನಾದರೊಂದು ತರುವುದು ವಾಡಿಕೆ. ಬರಿಗೈಯಲ್ಲಿ ಹೋಗಬೇಡಿ. ಮಾಂಸ ತಿನ್ನದವರು ಮೊದಲೇ ‘ಶ್ವಿ ವೇಝೇ’ ಅಂತ ಹೇಳಿದರೆ ಯಾರಿಗೂ ಮುಜುಗರವಿಲ್ಲ. ಆದರೂ ನಿಮ್ಮದು ಅಂತ ಒಂದು ಡಬ್ಬಿ ಇರಲಿ. ನಾನು ಚಿತ್ರಾನ್ನ ಒಯ್ಯುತ್ತಿದ್ದೆ. ತಣ್ಣಗಾದರೂ ಕೆಡುವುದಿಲ್ಲ, ಕಾಗದದ ತಟ್ಟೆಯಲ್ಲಿ ಹಂಚಬಹುದು. ‘ರಿ ಓ ಸಿತ್ರೋಂ’, ನಿಂಬೆಹಣ್ಣಿನ ಅನ್ನ, ಅಂತ ಹೇಳಿದ್ದೆ. ಒಗ್ಗರಣೆಯ ಕಡಲೆಬೇಳೆ ಕಟುಂ ಅಂದಾಗ ಒಬ್ಬಳು ನಿಂತು ‘ಇದೇನಿದು?’ ಅಂತ ಕೇಳಿದಳು. ಮುಂದಿನ ಪಿಕ್‌ನಿಕ್‌ಗೆ ಕರೆಯುವಾಗ ಎಲ್ಲರೂ ಮೊದಲು ಕೇಳಿದ್ದೇ ಚಿತ್ರಾನ್ನ ಇದೆಯಾ ಅಂತ. ಮದ್ಯ ಕುಡಿಯದವರು ‘ಝ ಬ್ವಾ ಪಾ’ ಅಂದು ಜ್ಯೂಸ್ ಬಾಟಲಿ ತೆಗೆದುಕೊಂಡು ಹೋದರೆ ಆಯಿತು.

ಆಟ ಬೇಕಾದರೆ ಪೇತಾಂಕ್. ಮರಳು, ಕಲ್ಲುಪುಡಿ ನೆಲ ಇದ್ದರೆ ಸಾಕು. ‘ಕೋಶೋನೇ’ ಅನ್ನುವ ಚಿಕ್ಕ ಮರದ ಚೆಂಡನ್ನು 6ರಿಂದ 10 ಮೀಟರ್ ದೂರಕ್ಕೆ ಎಸೆದು, ಅದರ ಹತ್ತಿರಕ್ಕೆ ಲೋಹದ ಚೆಂಡು ಹಾಕುವುದು. ನಮ್ಮ ಗೋಲಿ ಆಡಿದವರಿಗೆ ಗುರಿ ಬೇಗ ಹತ್ತುತ್ತದೆ. ‘ಓಂ ಸ ಫೆ ಯೂನ್ ಪೇತಾಂಕ್?’ ಅಂದರೆ ಇಲ್ಲ ಅನ್ನುವವರು ಕಡಿಮೆ. ಈ ‘ಓಂ ಸ ಫೆ’ ಅಂದರೆ ‘ನಮ್ಮ ಖುಷಿಗೆ ಒಂದು ಆಡೋಣ’ ಅನ್ನುವ ಭಾವ.

ಮೇ ತಿಂಗಳಲ್ಲಿ ಮಾತ್ರ ಮುಂಚೆ ಕೇಳಿ. 1 ಮತ್ತು 8ನೇ ತಾರೀಖು ರಜೆ. ಕ್ರೈಸ್ತರ ಅಸೆನ್ಷನ್ ಹಬ್ಬ ಗುರುವಾರವೇ ಬರುವುದರಿಂದ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ಮಾಡಿಕೊಳ್ಳುತ್ತಾರೆ. ಅದಕ್ಕೆ ‘ಸೇತುವೆ ಕಟ್ಟುವುದು’ ಅನ್ನುತ್ತಾರೆ: ‘ತ್ಯು ಫೆ ಲ ಪೋಂ?’ ಬಹಳ ಜನ ಊರಿಗೆ ಹೋಗಿರುತ್ತಾರೆ.

ಹಂತ 8: ಮೆಸೇಜಿನಲ್ಲಿ

ಫೋನಿನಲ್ಲಿ ಪದಗಳು ಇನ್ನೂ ಕುಗ್ಗುತ್ತವೆ. ಟಿ-ಕೆ-ಟಿ ಅಂತ ಮೂರು ಅಕ್ಷರ ಬಂದರೆ ‘ತ್ಯಾಂಕ್ಯೆತ್’, ಚಿಂತೆ ಮಾಡ್ಬೇಡ. ಡಿ-ಎಸ್-ಎಲ್ ಅಂದರೆ ‘ದೇಜ಼ೋಲೇ’, ಸಾರಿ. ಆರ್-ಡಿ-ವಿ ಅಂದರೆ ‘ರಾಂದೇವೂ’, ಸಿಗುವ ಜಾಗ, ಹೊತ್ತು. ಇವನ್ನು ಓದಲು ಬಂದರೆ ಸಾಕು. ನೀವು ಪೂರ್ತಿ ಬರೆದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಎಲ್ಲವನ್ನೂ ಜೋಡಿಸಿದರೆ

ನೀವು: ತ್ಯು ಫೆ ಕ್ವಾ ದಮ್ಯಾಂ ಆಪ್ರೆಮ್? ನಾಳೆ ಮಧ್ಯಾಹ್ನ ಏನ್ ಮಾಡ್ತಿದೀಯಾ?
ಗೆಳತಿ: ರಿಯ್ಯಾಂ ದ ಸ್ಪೇಸ್ಯಾಲ್, ಪೂರ್‌ಕ್ವಾ? ಅಂಥದ್ದೇನಿಲ್ಲ, ಯಾಕೆ?
ನೀವು: ಇಲ್ ವಾ ಫೆರ್ ಬೋ. ಸಾ ತ ದಿ ಆ್ಯಂ ಪ್ತಿ ಪಿಕ್‌ನಿಕ್ ಆ ಲಾ ತೆತ್ ದೋರ್? ಹವೆ ಚೆನ್ನಾಗಿರುತ್ತೆ. ತೆತ್ ದೋರ್‌ನಲ್ಲಿ ಸುಮ್ನೆ ಒಂದು ಪಿಕ್‌ನಿಕ್ ಮಾಡೋಣ್ವಾ?
ಗೆಳತಿ: ಆ ವೇ, ಕಾರೇಮಾಂ! ವೆರ್ ಕೆಲರ್? ಓ, ಖಂಡಿತ! ಎಷ್ಟೊತ್ತಿಗೆ?
ನೀವು: ವೆರ್ ಕ್ಯಾಂಜ಼ರ್, ದವಾಂ ಲಾ ಗ್ರಾಂದ್ ಪೋರ್ತ್? ಮೂರರ ಸುಮಾರಿಗೆ, ದೊಡ್ಡ ಗೇಟಿನ ಮುಂದೆ?
ಗೆಳತಿ: ಸಾ ಮಾರ್ಶ್. ಝ ರಾಮೆನ್ ಕ್ವಾ? ಆಯ್ತು. ನಾನೇನ್ ತರ್ಲಿ?
ನೀವು: ದ್ಯು ಪ್ಯಾಂ ಎ ದ್ಯು ಫ್ರೋಮಾಝ್. ಮ್ವಾ, ಝ ಫೆ ಆ್ಯಂ ರಿ ಓ ಸಿತ್ರೋಂ. ಬ್ರೆಡ್ಡು, ಚೀಸು. ನಾನು ಚಿತ್ರಾನ್ನ ಮಾಡ್ತೀನಿ.
ಗೆಳತಿ: ತ್ರೋ ಬಿಯ್ಯಾಂ. ಆ ದಮ್ಯಾಂ! ಸಖತ್. ನಾಳೆ ಸಿಗೋಣ!

ಫ್ರಾನ್ಸಿಗೆ ಹೋಗುವ ತನಕ ಕಾಯಬೇಕಿಲ್ಲ. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿಯುತ್ತಿದ್ದರೆ, ಕ್ಲಾಸ್ ಮುಗಿದ ಮೇಲೆ ಪಕ್ಕದವರಿಗೆ ‘ಓಂ ವಾ ಫೆರ್ ಆ್ಯಂ ಪ್ತಿ ತೂರ್ ಆ ಕಬ್ಬನ್ ಪಾರ್ಕ್?’ ಅಂತ ಕೇಳಿ ನೋಡಿ. ಹತ್ತು ಸಲ ಬಾಯಿಂದ ಹೊರಬಿದ್ದರೆ ಹನ್ನೊಂದನೇ ಸಲ ಯೋಚನೆ ಮಾಡಬೇಕಾಗುವುದಿಲ್ಲ.

ಪಿಕ್‌ನಿಕ್ ಮುಗಿಸಿ ಮನೆಗೆ ಬಂದ ಮೇಲೆ ಒಂದು ಮೆಸೇಜ್ ಬಾಕಿ ಇರುತ್ತದೆ. ‘ಸೇತೆ ತ್ರೋ ಬಿಯ್ಯಾಂ!’ ತುಂಬಾ ಚೆನ್ನಾಗಿತ್ತು. ಅದರ ಕೆಳಗೆ ಇನ್ನೊಂದು ಸಾಲು: ‘ಓಂ ಸ ರಫೆ ಸಾ ಕಾಂ?’ ಮತ್ತೆ ಯಾವಾಗ?